ಆಟೋಕ್ಯಾಡ್‌ನಲ್ಲಿ ಒಂದು ಬಾಗಿಲು: ಸಾದಾ ಬ್ಲಾಕೋ, ಡೈನಾಮಿಕ್ ಬ್ಲಾಕೋ, ಎಕ್ಸ್‌ರೆಫೋ?

ಮನೆಯ ಪ್ಲಾನ್‌ನಲ್ಲಿ ಮತ್ತೆ ಮತ್ತೆ ಬೇಕಾಗುವುದು ಬಾಗಿಲು. ಮುಂಬಾಗಿಲಿಗೆ 1050 ಮಿ.ಮೀ., ರೂಮಿಗೆ 900, ಬಾತ್‌ರೂಮಿಗೆ 750. ಹಾಗಾಗಿ ಆಟೋಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿ ಒಮ್ಮೆ ಬರೆದದ್ದನ್ನು ಮತ್ತೆ ಬಳಸುವ ಈ ಮೂರೂ ವಿಧಾನಗಳನ್ನು ಬಾಗಿಲಿನ ಮೇಲೆಯೇ ಹಾಕಿ ನೋಡಿದೆ.

ಸಾದಾ ಬ್ಲಾಕ್, ಅಂದರೆ ಹೆಸರು ಕೊಟ್ಟು ಒಂದೇ ವಸ್ತುವಾಗಿ ಕಟ್ಟಿಟ್ಟ ಗೆರೆಗಳ ಗುಂಪು, ಮಾಡುವುದು ಸುಲಭ. ಬಾಗಿಲು ಬರೆದು, ಹಿಂಜ್ ಇರುವ ಮೂಲೆಗೆ ಬೇಸ್ ಪಾಯಿಂಟ್ (ಬ್ಲಾಕನ್ನು ಹಿಡಿದು ಕೂರಿಸುವ ಬಿಂದು) ಕೊಟ್ಟರೆ ಆಯಿತು. ತಲೆನೋವು ಶುರುವಾಗುವುದು ಅಳತೆ ಬದಲಾದಾಗ. 900ರ ಬಾಗಿಲನ್ನು ಸ್ಕೇಲ್ ಮಾಡಿ 750ಕ್ಕೆ ಇಳಿಸಿದರೆ 35 ಮಿ.ಮೀ. ದಪ್ಪದ ಹಲಗೆಯೂ 29ಕ್ಕೆ ಇಳಿಯುತ್ತದೆ. ಅಗಲವನ್ನಷ್ಟೇ ಸ್ಕೇಲ್ ಮಾಡಿದರೆ ಬಾಗಿಲು ತೆರೆಯುವ ದಾರಿ ತೋರಿಸುವ ಬಾಗು ಗೆರೆ, ಅಂದರೆ ಆರ್ಕ್, ಸೊಟ್ಟಗಾಗುತ್ತದೆ. ಕೊನೆಗೆ ಡಿ1, ಡಿ2, ಡಿ3 ಎಂದು ಅಳತೆಗೊಂದು ಬ್ಲಾಕ್ ಮಾಡಲೇಬೇಕು. ಎಣಿಸುವಾಗ ಮಾತ್ರ ಇದೇ ಸಲೀಸು, ಹೆಸರು ಹಿಡಿದು ಲೆಕ್ಕ ಸಿಗುತ್ತದೆ. ಅವಸರಕ್ಕೆ ಕಂಟ್ರೋಲ್-ಶಿಫ್ಟ್-ವಿ ಒತ್ತಿ ಅಂಟಿಸುವವರಿಗೆ ಆ ಭಾಗ್ಯವೂ ಇಲ್ಲ. ಅಲ್ಲಿ ಎ-ಡಾಲರ್-ಸಿ ಎಂದು ಶುರುವಾಗುವ ಅರ್ಥವಿಲ್ಲದ ಹೆಸರೊಂದನ್ನು ಸಾಫ್ಟ್‌ವೇರೇ ಇಟ್ಟುಬಿಡುತ್ತದೆ.

ಕೂರಿಸಿದ ಮೇಲೂ ಅಳತೆ ಬದಲಿಸಬಹುದಾದ ಡೈನಾಮಿಕ್ ಬ್ಲಾಕ್ ಬಂದದ್ದು ಆಟೋಕ್ಯಾಡ್ 2006ರಲ್ಲಿ. ಬ್ಲಾಕ್ ಎಡಿಟರ್‌ನಲ್ಲಿ ಅಗಲಕ್ಕೆ ಲೀನಿಯರ್ ಪ್ಯಾರಾಮೀಟರ್ (ಬದಲಿಸಬಹುದಾದ ಅಳತೆ) ಇಟ್ಟು, ಅದು ಬದಲಾದಾಗ ಏನಾಗಬೇಕೆಂದು ಹೇಳಲು, ಆರ್ಕ್‌ಗೆ ಸ್ಕೇಲ್ ಆಕ್ಷನ್, ಹಲಗೆಗೆ ಸ್ಟ್ರೆಚ್ ಆಕ್ಷನ್ ಕೊಡಬೇಕು. ಪ್ಲಾನ್‌ನಲ್ಲಿ ಬಾಗಿಲನ್ನು ತೆರೆದಂತೆ ಬರೆಯುವುದರಿಂದ ಹಲಗೆ ಉದ್ದವಾಗಬೇಕಾದದ್ದು ಅಗಲಕ್ಕೆ ಲಂಬವಾಗಿ. ಹಾಗಾಗಿ ಸ್ಟ್ರೆಚ್‌ನ ಆ್ಯಂಗಲ್ ಆಫ್‌ಸೆಟ್ (ಎಳೆಯುವ ದಿಕ್ಕಿನ ತಿರುವು) 90 ಡಿಗ್ರಿ ಆಗದಿದ್ದರೆ ಹಲಗೆ ಅಡ್ಡಡ್ಡ ಎಳೆದುಕೊಳ್ಳುತ್ತದೆ. 750, 900, 1050 ಅನ್ನು ಲಿಸ್ಟ್‌ಗೆ ಸೇರಿಸಿ, ಎಡ-ಬಲಕ್ಕೊಂದು, ಒಳ-ಹೊರಗೊಂದು ಫ್ಲಿಪ್ (ಮಗುಚುವ ಸೌಲಭ್ಯ) ಕೊಟ್ಟರೆ ಮನೆಯ ಎಲ್ಲ ಬಾಗಿಲುಗಳೂ ಒಂದೇ ಬ್ಲಾಕಿನಲ್ಲಿ. ಮೊದಲ ಬಾರಿ ಮಾಡುವಾಗ ತಾಳ್ಮೆ ಬೇಕು, ಆಮೇಲೆ ಕೆಲಸ ಓಡುತ್ತದೆ. ಕೊರತೆಯೂ ಉಂಟು: ಅಳತೆ ಬೇರೆಯಾದರೂ ಬ್ಲಾಕಿನ ಹೆಸರು ಒಂದೇ, ಆದ್ದರಿಂದ ಡೋರ್ ಶೆಡ್ಯೂಲ್‌ಗೆ (ಬಾಗಿಲುಗಳ ಪಟ್ಟಿಗೆ) ಅಗಲವನ್ನೂ ಹೊರತೆಗೆದು ವಿಂಗಡಿಸಬೇಕು. ಡೈನಾಮಿಕ್ ಬ್ಲಾಕ್ ಅರ್ಥವಾಗದ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆದರೆ ಗೆರೆಗಳು ಕಾಣುತ್ತವೆ, ಹಿಡಿದು ಎಳೆಯುವ ಗ್ರಿಪ್ ಇರುವುದಿಲ್ಲ.

ಎಕ್ಸ್‌ರೆಫ್, ಅಂದರೆ ಬೇರೊಂದು ಡ್ರಾಯಿಂಗ್ ಫೈಲನ್ನು ಇದಕ್ಕೆ ಜೋಡಿಸಿ ತೋರಿಸುವುದು, ಬಾಗಿಲಿಗೆ ಅಲ್ಲವೇ ಅಲ್ಲ. ಮೂಲ ಫೈಲ್ ತಿದ್ದಿದರೆ ಅದನ್ನು ಜೋಡಿಸಿದ ಎಲ್ಲ ಶೀಟ್‌ಗಳೂ ರೀಲೋಡ್ ಆದಾಗ ಬದಲಾಗುತ್ತವೆ ಎಂಬುದು ಕಾಲಮ್ ಗ್ರಿಡ್‌ಗೆ (ಕಂಬಗಳ ಜಾಗ ತೋರಿಸುವ ಗೆರೆಗಳ ಜಾಲಕ್ಕೆ) ವರ. ಬ್ಲಾಕ್‌ಗೆ ಆ ಗುಣವಿಲ್ಲ, ಪ್ರತಿ ಡ್ರಾಯಿಂಗ್‌ನಲ್ಲೂ ಅದರದೇ ಪ್ರತಿ ಕೂತಿರುತ್ತದೆ. ಆದರೆ ಎಕ್ಸ್‌ರೆಫ್ ಇರುವ ಫೈಲನ್ನು ಒಂದನ್ನೇ ಮೇಲ್ ಮಾಡಿದರೆ ಆ ಕಡೆಯವರಿಗೆ ಗ್ರಿಡ್ ಇದ್ದ ಜಾಗದಲ್ಲಿ ಫೈಲಿನ ಹೆಸರಷ್ಟೇ ಕಾಣುತ್ತದೆ. ಇ-ಟ್ರಾನ್ಸ್‌ಮಿಟ್‌ನಲ್ಲಿ ಎಲ್ಲ ಫೈಲುಗಳನ್ನೂ ಒಟ್ಟಿಗೆ ಕಟ್ಟಿ ಕಳಿಸಬೇಕು, ಇಲ್ಲವೇ ಬೈಂಡ್ ಮಾಡಿ ಎಕ್ಸ್‌ರೆಫನ್ನು ಫೈಲಿನೊಳಗೇ ಸೇರಿಸಬೇಕು.

ಬ್ಲಾಕ್ ಯಾವುದೇ ಇರಲಿ, ಒಳಗಿನ ಗೆರೆಗಳನ್ನು ಲೇಯರ್ (ಡ್ರಾಯಿಂಗ್‌ನ ಪದರ) ಸೊನ್ನೆಯಲ್ಲಿ, ಬಣ್ಣ ಬೈಲೇಯರ್ (ಲೇಯರಿನ ಬಣ್ಣವೇ) ಇಟ್ಟು ಬರೆಯಿರಿ. ಆಗ ಬ್ಲಾಕ್ ಕೂತ ಲೇಯರಿನ ಬಣ್ಣವೇ ಅದಕ್ಕೆ ಬರುತ್ತದೆ.

ಈಗ ಬ್ಲಾಕುಗಳನ್ನು ಕೈಗೆಟುಕುವಂತೆ ಇಟ್ಟುಕೊಂಡ ನನ್ನ ಟೂಲ್ ಪ್ಯಾಲೆಟ್‌ನಲ್ಲಿ ಬಾಗಿಲು, ಕಿಟಕಿ ಡೈನಾಮಿಕ್. ಕಮೋಡ್, ಸಿಂಕ್, ಮಂಚ ಎಲ್ಲ ಸಾದಾ. ಅವುಗಳ ಅಳತೆಯನ್ನು ಯಾರೂ ದಿನಕ್ಕೆರಡು ಸಲ ಬದಲಿಸುವುದಿಲ್ಲ.