ಮನೆಯಲ್ಲಿ ಯೋಗ ಶುರುಮಾಡುವವರಿಗೆ ಆಯುಷ್‌ನ 45 ನಿಮಿಷದ ಪಾಠ

ಜೂನ್ 21ರ ಯೋಗ ದಿನದಂದು ಮೈದಾನದಲ್ಲಿ ಮಾಡಿ ಮರೆತುಬಿಡುವ ಆಯುಷ್ ಸಚಿವಾಲಯದ ಕಾಮನ್ ಯೋಗ ಪ್ರೋಟೋಕಾಲ್ (ಎಲ್ಲರಿಗೂ ಒಂದೇ ಎಂದು ಹೊಂದಿಸಿದ ಯೋಗಾಭ್ಯಾಸದ ಕ್ರಮ), ಮನೆಯಲ್ಲಿ ಕಲಿಯುವವರಿಗೂ ಚೆನ್ನಾಗಿ ಒಗ್ಗುತ್ತದೆ. ದುಡ್ಡಿಲ್ಲ, 45 ನಿಮಿಷ ಸಾಕು. ಕತ್ತು, ಭುಜ, ಸೊಂಟ, ಮಂಡಿ ಸಡಿಲಿಸಿಕೊಂಡು ಮೊದಲು ನಿಂತು, ಆಮೇಲೆ ಕೂತು, ಬೋರಲು ಮಲಗಿ, ಕೊನೆಗೆ ಅಂಗಾತ ಮಲಗಿ ಆಸನ ಮಾಡುವ ಕ್ರಮ. ಪದೇ ಪದೇ ಎದ್ದು ಕೂರುವ ಗೋಜಿಲ್ಲ. ಆಮೇಲೆ ಪ್ರಾಣಾಯಾಮ, ಧ್ಯಾನ.

ಹೊಸಬರು ಹೆಚ್ಚಾಗಿ ಎಡವುವುದು ಭುಜಂಗಾಸನದಲ್ಲಿ, ಅಂದರೆ ಬೋರಲು ಮಲಗಿ ಹಾವಿನ ಹೆಡೆಯಂತೆ ಎದೆ ಎತ್ತುವ ಆಸನದಲ್ಲಿ. ಕೈ ಊರಿ ಎದೆಯನ್ನು ದಬ್ಬಿದರೆ ಭುಜ ಕಿವಿಯ ಹತ್ತಿರ ಬರುತ್ತದೆ, ಒತ್ತಡವೆಲ್ಲ ಸೊಂಟಕ್ಕೆ. ಮೊಣಕೈ ಮಡಚಿ ಪಕ್ಕೆಗೆ ತಾಗಿಸಿ, ಹೊಕ್ಕುಳು ಮ್ಯಾಟ್ ಬಿಡದಂತೆ ಬೆನ್ನಿನ ಬಲದಲ್ಲೇ ಏಳಿ. ಎತ್ತರ ಕಮ್ಮಿಯಾದರೆ ಆಗಲಿ! ನಿಂತು ಮುಂದಕ್ಕೆ ಬಾಗುವ ಪಾದಹಸ್ತಾಸನದಲ್ಲಿ ಕೈಗೆ ನೆಲ ಸಿಗದಿದ್ದರೆ ಮಂಡಿ ತುಸು ಬಗ್ಗಿಸಿ. ಮಂಡಿ ಮಡಚಿ ಹಿಮ್ಮಡಿ ಮೇಲೆ ಕೂರುವ ವಜ್ರಾಸನದಲ್ಲಿ ಪಾದದ ಗಂಟು ನೋಯುತ್ತಿದ್ದರೆ ಅದರಡಿ ಮಡಚಿದ ಟವೆಲ್ ಇಡಿ.

ಒಂದೇ ತಕರಾರು: ಗುಂಪಿಗೆಂದು ಹೊಂದಿಸಿದ ಲಯ ಹೊಸಬರಿಗೆ ಅವಸರವೇ. ಮೊದಲ ವಾರ ನಿಂತು ಮಾಡುವ ಆಸನ, ಶವಾಸನ ಇಷ್ಟೇ ಸಾಕು. ವಿಡಿಯೊ ನೋಡಿ ಮಾಡುತ್ತಿದ್ದರೆ ನಿಲ್ಲಿಸಿ ನಿಲ್ಲಿಸಿ ಮಾಡಿ. ಬಿಪಿ, ಹರ್ನಿಯಾ ಇರುವವರು, ಗರ್ಭಿಣಿಯರು ಕಪಾಲಭಾತಿ (ಹೊಟ್ಟೆ ಒಳಗೆಳೆದು ರಭಸದಿಂದ ಉಸಿರು ಬಿಡುವ ಕ್ರಿಯೆ) ಬಿಟ್ಟು ಮುಂದೆ ಹೋಗಬೇಕು.