ಡೇಟಾ.ಸೆನ್ಸಸ್.ಗವ್: ಒಂದು ವರ್ಷದ ಲೆಕ್ಕಕ್ಕೆ ಸೈ, ಹತ್ತು ವರ್ಷದ ಲೆಕ್ಕಕ್ಕೆ ಹುಷಾರು

ಅಮೆರಿಕದ ಜನಗಣತಿ ಇಲಾಖೆಯ ಡೇಟಾ.ಸೆನ್ಸಸ್.ಗವ್ ತಾಣಕ್ಕೆ ಲಾಗಿನ್ ಬೇಡ, ದುಡ್ಡೂ ಬೇಡ. 2020ರ ಮಾರ್ಚ್ ಕೊನೆಗೆ ಇಲಾಖೆಯ ಹಳೆಯ ತಾಣವಾದ ಅಮೆರಿಕನ್ ಫ್ಯಾಕ್ಟ್‌ಫೈಂಡರ್ ಬಾಗಿಲು ಹಾಕಿದ ಮೇಲೆ ಎಲ್ಲರೂ ಬರುವುದು ಇಲ್ಲಿಗೇ. ಒಂದು ಮೆಟ್ರೊದಲ್ಲಿ (ಅಂದರೆ ನಗರ ಮತ್ತು ಅದಕ್ಕೆ ಹೊಂದಿಕೊಂಡ ಸುತ್ತಲಿನ ಪ್ರದೇಶದಲ್ಲಿ) ಈಗ ಎಷ್ಟು ಜನ, ಅವರಲ್ಲಿ ಪದವೀಧರರೆಷ್ಟು ಎಂದು ಕೇಳಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಹತ್ತು ವರ್ಷದಲ್ಲಿ ಏನು ಬದಲಾಯಿತು ಎಂದು ಕೇಳಿ ನೋಡಿ, ತಪ್ಪು ಉತ್ತರವನ್ನೂ ಅಷ್ಟೇ ಅಚ್ಚುಕಟ್ಟಾಗಿ ಕೊಡುತ್ತದೆ.

ಪರೀಕ್ಷೆಗೆ ಐಯೊವಾ ರಾಜ್ಯದ ಡಿಮೊಯ್ನ್ ಮೆಟ್ರೊ ತೆಗೆದುಕೊಳ್ಳೋಣ. ಏಳು ಲಕ್ಷ ಚಿಲ್ಲರೆ ಜನರ ಮಧ್ಯಮ ಗಾತ್ರದ ಪ್ರದೇಶ. ಹುಡುಕುವ ಪೆಟ್ಟಿಗೆಯಲ್ಲಿ ಬರೀ ಊರಿನ ಹೆಸರು ಹಾಕಿದರೆ ಮೊದಲ ಎಡವಟ್ಟು ಅಲ್ಲೇ ಆಗುತ್ತದೆ. ಡಿಮೊಯ್ನ್ ನಗರದ ಬಹುಭಾಗ ಇರುವುದು ಪೋಲ್ಕ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು). ಡಿಮೊಯ್ನ್ ಕೌಂಟಿ ಎನ್ನುವುದು ರಾಜ್ಯದ ಆಗ್ನೇಯ ಮೂಲೆಯ ಬರ್ಲಿಂಗ್ಟನ್ ಕಡೆಯದು, ಈ ಮೆಟ್ರೊಗೂ ಅದಕ್ಕೂ ಸಂಬಂಧವೇ ಇಲ್ಲ. ಸಾಲದ್ದಕ್ಕೆ ವಾಷಿಂಗ್ಟನ್ ರಾಜ್ಯದಲ್ಲೂ ಇದೇ ಹೆಸರಿನ ಊರಿದೆ. ಹಾಗಾಗಿ ಹೆಸರು ಬಿಟ್ಟು ಮೆಟ್ರೊದ ಸಂಕೇತ ಸಂಖ್ಯೆ 19780 ಹಿಡಿಯುವುದು ಒಳ್ಳೆಯದು.

ಎರಡನೆಯ ಎಡವಟ್ಟು ಕಣ್ಣಿಗೆ ಬೀಳುವುದಿಲ್ಲ. 2010ರ ಜನಗಣತಿಯ ಹಳೆಯ ಕೋಷ್ಟಕದಲ್ಲಿ ಈ ಮೆಟ್ರೊದ ಜನಸಂಖ್ಯೆ 5,69,633. 2020ರದು 7,09,466. ಭಾಗಿಸಿದರೆ ಶೇ 24.5 ಏರಿಕೆ! ಆದರೆ ಮೊದಲನೆಯದು ಐದು ಕೌಂಟಿಗಳ ಮೊತ್ತ, ಎರಡನೆಯದು ಆರರದು. ಮೆಟ್ರೊ ಗಡಿ ಗುರುತಿಸುವುದು ಜನಗಣತಿ ಇಲಾಖೆಯಲ್ಲ, ಶ್ವೇತಭವನದ ಆಯವ್ಯಯ ಕಚೇರಿಯಾದ ಒಎಂಬಿ. ಅದು 2018ರ ಸೆಪ್ಟೆಂಬರ್‌ನಲ್ಲಿ ಜಾಸ್ಪರ್ ಕೌಂಟಿಯನ್ನೂ ಒಳಗೆ ಸೇರಿಸಿತು. 2010ರಲ್ಲಿ ಜಾಸ್ಪರ್‌ನಲ್ಲಿದ್ದ 36,842 ಜನರನ್ನು ಕೂಡಿದರೆ ಅಂದಿನ ಮೊತ್ತ 6,06,475 ಆಗುತ್ತದೆ, ನಿಜವಾದ ಏರಿಕೆ ಶೇ 17ಕ್ಕೆ ಇಳಿಯುತ್ತದೆ. ಎರಡೂ ಕೋಷ್ಟಕಗಳ ನೆತ್ತಿಯ ಮೇಲೆ ಹೆಸರು ಒಂದೇ, ಸಂಕೇತವೂ ಒಂದೇ. ಗಡಿ ಬದಲಾಗಿದೆ ಎಂದು ಅಂಕಿಗಳ ಪಕ್ಕ ಒಂದು ಎಚ್ಚರಿಕೆ ಕೂಡ ಇಲ್ಲ. ಈ ತಾಣದ ಮೇಲಿರುವ ಅತಿದೊಡ್ಡ ತಕರಾರು ಇದೇ.

ಪರಿಹಾರ ಕಷ್ಟದ್ದಲ್ಲ. ಮೆಟ್ರೊ ಸಾಲನ್ನು ಮುಟ್ಟಲೇಬೇಡಿ. ಫಿಲ್ಟರ್‌ನಲ್ಲಿ ಭೂಪ್ರದೇಶ, ಕೌಂಟಿ, ಐಯೊವಾ ಎಂದು ಹೋಗಿ ಪೋಲ್ಕ್, ಡಲ್ಲಾಸ್, ವಾರೆನ್, ಮ್ಯಾಡಿಸನ್, ಗಥ್ರಿ, ಜಾಸ್ಪರ್ ಆರಕ್ಕೂ ಗುರುತು ಹಾಕಿ, ಎಲ್ಲಾ ವರ್ಷಕ್ಕೂ ಅದೇ ಆರನ್ನು ಕೂಡಿ. ಹೀಗೆ ಮಾಡಿದರೆ ಒಳಗಿನ ಕಥೆಯೂ ಕಾಣುತ್ತದೆ. ಹತ್ತು ವರ್ಷದಲ್ಲಿ ಡಲ್ಲಾಸ್ 66,135ರಿಂದ 99,678ಕ್ಕೆ, ಅಂದರೆ ಅರ್ಧದಷ್ಟು ಬೆಳೆದಿದೆ. ಪೋಲ್ಕ್ 4,30,640ರಿಂದ 4,92,401ಕ್ಕೆ ಏರಿದೆ. ಗಥ್ರಿ ಮಾತ್ರ 10,954ರಿಂದ 10,623ಕ್ಕೆ ಕುಗ್ಗಿದೆ. ಮೆಟ್ರೊದ ಒಂಟಿ ಅಂಕಿಯಲ್ಲಿ ಇದಾವುದೂ ತಿಳಿಯುತ್ತಿರಲಿಲ್ಲ. (ಕನೆಕ್ಟಿಕಟ್ ರಾಜ್ಯಕ್ಕೆ ಈ ಉಪಾಯ ನಡೆಯದು. 2022ರ ಅಂಕಿಅಂಶಗಳಿಂದ ಅಲ್ಲಿ ಹಳೆಯ ಕೌಂಟಿಗಳ ಜಾಗಕ್ಕೆ ಯೋಜನಾ ಪ್ರದೇಶಗಳು ಬಂದಿವೆ.)

2020ರ ನಂತರದ ತಲೆ ಎಣಿಕೆಗೆ ಇಲಾಖೆಯ ಮಾದರಿ ಸಮೀಕ್ಷೆಯಾದ ಅಮೆರಿಕನ್ ಕಮ್ಯುನಿಟಿ ಸರ್ವೆ, ಅಂದರೆ ಎಸಿಎಸ್ ಬಳಸುವವರು ಬಹಳ. ಅದು ಸರಿಯಾದ ದಾರಿಯಲ್ಲ. ಕೌಂಟಿಯ ಬಿ01003 ಕೋಷ್ಟಕ ತೆರೆದರೆ ಒಟ್ಟು ಜನಸಂಖ್ಯೆಯ ಎದುರು ದೋಷಮಿತಿಯ (ಅಂದಾಜು ಎಷ್ಟು ಆಚೀಚೆ ಇರಬಹುದು ಎಂಬ ಅಳತೆಯ) ಜಾಗದಲ್ಲಿ ಬರೀ ನಕ್ಷತ್ರಗಳಿರುತ್ತವೆ. ಆ ಸಂಖ್ಯೆ ಸಮೀಕ್ಷೆ ಎಣಿಸಿದ್ದಲ್ಲ, ಇಲಾಖೆಯದೇ ಜನಸಂಖ್ಯಾ ಅಂದಾಜಿಗೆ ಹೊಂದಿಸಿ ಕೂರಿಸಿದ್ದು ಎಂದು ಅದರ ಅರ್ಥ. ಮೂಲ ಅಂದಾಜನ್ನೇ ತೆಗೆದುಕೊಳ್ಳಿ. ಅದರಲ್ಲಿ ಜನನ, ಮರಣ, ದೇಶದೊಳಗಿನ ವಲಸೆ, ಹೊರದೇಶದ ವಲಸೆ ಬೇರೆಬೇರೆಯಾಗಿ ಇರುವುದರಿಂದ ಊರು ಯಾಕೆ ಬೆಳೆಯಿತು ಎನ್ನುವುದೂ ತಿಳಿಯುತ್ತದೆ. ಪ್ರತಿ ವರ್ಷದ ಹೊಸ ವಿಂಟೇಜ್, ಅಂದರೆ ಅಂದಾಜಿನ ಹೊಸ ಆವೃತ್ತಿ, 2020ರವರೆಗಿನ ಹಿಂದಿನ ಅಂಕಿಗಳನ್ನೂ ತಿದ್ದುತ್ತದೆ. ಹೋದ ವರ್ಷ ಇಳಿಸಿಟ್ಟ ಫೈಲಿಗೆ ಈ ವರ್ಷದ ಒಂದು ಸಾಲನ್ನು ಅಂಟಿಸಿದರೆ ಇಲ್ಲದ ಏರಿಳಿತ ಹುಟ್ಟಿಕೊಳ್ಳುತ್ತದೆ.

ಶಿಕ್ಷಣದ ವಿಷಯಕ್ಕೆ ಎಸಿಎಸ್ ಬಿಟ್ಟರೆ ಗತಿಯಿಲ್ಲ. 2010 ಮತ್ತು 2020ರ ಜನಗಣತಿಯಲ್ಲಿ ಓದಿನ ಪ್ರಶ್ನೆಯೇ ಇರಲಿಲ್ಲ. ಎಲ್ಲರೂ ತೆರೆಯುವ ಎಸ್1501 ಕೋಷ್ಟಕ ಓದಲು ಚೆನ್ನ, ಆದರೆ ಅದರ ಹಳೆಯ ವರ್ಷಗಳಲ್ಲಿ ಶೇಕಡಾವಾರು ಮಾತ್ರ ಇದೆ, ಕೌಂಟಿಗಳನ್ನು ಕೂಡಲು ಆಗುವುದಿಲ್ಲ. ಬಿ15003 ತೆಗೆಯಿರಿ. 25 ವರ್ಷ ಮತ್ತು ಮೇಲ್ಪಟ್ಟವರ ಓದು ಅದರಲ್ಲಿ ತರಗತಿವಾರು ತಲೆಲೆಕ್ಕದಲ್ಲಿದೆ. 22ರಿಂದ 25ನೇ ಸಾಲಿನವರೆಗಿನ ಪದವಿ, ಸ್ನಾತಕೋತ್ತರ, ವೃತ್ತಿಪರ ಪದವಿ, ಡಾಕ್ಟರೇಟ್ ನಾಲ್ಕನ್ನೂ ಕೂಡಿ, ಮೊದಲ ಸಾಲಿನ ಒಟ್ಟಿನಿಂದ ಭಾಗಿಸಿದರೆ ಪದವೀಧರರ ಪಾಲು ಸಿಗುತ್ತದೆ. ಆರು ಕೌಂಟಿಗಳ ಶೇಕಡಾವಾರಿನ ಸರಾಸರಿ ತೆಗೆಯುವ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡಿದರೆ ಗಥ್ರಿಯ ಹತ್ತು ಸಾವಿರ ಜನ ಪೋಲ್ಕ್‌ನ ಐದು ಲಕ್ಷದಷ್ಟೇ ತೂಗುತ್ತಾರೆ. ಗಡಿಯ ಕಾಟ ಇಲ್ಲೂ ಇದೆ. ಜಾಸ್ಪರ್‌ನ ಮುಖ್ಯ ಊರು ನ್ಯೂಟನ್, ಮೇಟ್ಯಾಗ್ ವಾಷಿಂಗ್ ಮಷೀನಿನ ತವರು. ಅಲ್ಲಿನ ಕಾರ್ಖಾನೆ 2007ರಲ್ಲಿ ಮುಚ್ಚಿತು. ಆ ಕೌಂಟಿಯ ಪದವೀಧರರ ಪಾಲು ಡಲ್ಲಾಸ್‌ಗಿಂತ ಬಹಳ ಕಡಿಮೆ, ಹಾಗಾಗಿ ಅದು ಸೇರಿದ್ದರಿಂದಲೇ ಮೆಟ್ರೊ ಸರಾಸರಿ ತುಸು ಕೆಳಗೆ ಜಗ್ಗುತ್ತದೆ. ಯಾರ ಓದೂ ಕಡಿಮೆಯಾಗಿರುವುದಿಲ್ಲ. ಇನ್ನು ಐಯೊವಾ ಸ್ಟೇಟ್ ವಿಶ್ವವಿದ್ಯಾಲಯ ಇರುವ ಏಮ್ಸ್ ಪಕ್ಕದಲ್ಲೇ ಇದ್ದರೂ ಬೇರೆ ಮೆಟ್ರೊ. ಅದರ ವಿದ್ಯಾರ್ಥಿಗಳನ್ನು ಈ ಲೆಕ್ಕದಲ್ಲಿ ಹುಡುಕಬೇಡಿ.

ಒಂದು ವರ್ಷದ ಎಸಿಎಸ್ ಸಿಗುವುದು 65,000 ದಾಟಿದ ಪ್ರದೇಶಗಳಿಗೆ ಮಾತ್ರ. ಈ ಆರರಲ್ಲಿ ಪೋಲ್ಕ್, ಡಲ್ಲಾಸ್ ಎರಡೇ ಆ ಅಳತೆಗೆ ಬರುತ್ತವೆ. 20,000 ದಾಟಿದವಕ್ಕೆ ಕೆ201501 ಎಂಬ ಪೂರಕ ಕೋಷ್ಟಕವಿದ್ದು, ವಾರೆನ್ ಮತ್ತು ಜಾಸ್ಪರ್ ಅದರಲ್ಲಿ ಸಿಗುತ್ತವೆ. ಮ್ಯಾಡಿಸನ್, ಗಥ್ರಿ ಅದರಿಂದಲೂ ಹೊರಗೆ. ಆದ್ದರಿಂದ ಐದು ವರ್ಷದ ಉತ್ತರಗಳನ್ನು ಒಟ್ಟುಗೂಡಿಸಿದ ಫೈಲೇ ಗಟ್ಟಿ. ಹೋಲಿಸುವಾಗ ಅವಧಿಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಿ: 2014–2018ರ ಎದುರು 2019–2023 ಇಡಬಹುದು, ಮೊದಲನೆಯದರ ಬದಲು 2015–2019 ಇಟ್ಟರೆ 2019 ಎರಡೂ ಕಡೆ ಬರುತ್ತದೆ. ಕೋವಿಡ್‌ನಿಂದಾಗಿ 2020ರ ಒಂದು ವರ್ಷದ ಮಾಮೂಲಿ ಕೋಷ್ಟಕಗಳು ಹೊರಬರಲೇ ಇಲ್ಲ, ಪ್ರಾಯೋಗಿಕವಾದವು ಮಾತ್ರ ಬಂದವು. ಗ್ರಾಫಿನಲ್ಲಿ ಆ ಜಾಗ ಖಾಲಿ ಬಿಡಿ.

ತಾಣ ಎಸಿಎಸ್‌ನ ಅಂದಾಜುಗಳ ಪಕ್ಕ ದೋಷಮಿತಿ ಕೊಡುತ್ತದೆ, ಅದಕ್ಕೆ ಪೂರ್ತಿ ಅಂಕ. ಆ ಮಿತಿ ಶೇ 90ರ ವಿಶ್ವಾಸ ಮಟ್ಟದ್ದು. ಕೂಡುವಾಗ ನೇರವಾಗಿ ಕೂಡಬಾರದು, ವರ್ಗಗಳ ಮೊತ್ತದ ವರ್ಗಮೂಲ ತೆಗೆಯಬೇಕು. ಉದಾಹರಣೆಗೆ ಮೂರು ಕೌಂಟಿಗಳ ಮಿತಿ 3,000, 1,200, 500 ಎಂದುಕೊಂಡರೆ ಮೊತ್ತದ ಮಿತಿ 4,700 ಅಲ್ಲ, ಸುಮಾರು 3,270. ಎರಡು ವರ್ಷಗಳ ವ್ಯತ್ಯಾಸಕ್ಕೂ ಇದೇ ಲೆಕ್ಕ. ಒಂದು ವರ್ಷ ಶೇ 37.0 (±1.4), ಇನ್ನೊಂದು ವರ್ಷ 38.5 (±1.5) ಇದ್ದರೆ ವ್ಯತ್ಯಾಸ 1.5, ಅದರ ಮಿತಿ 2.05. ಅಷ್ಟಕ್ಕೆ ‘ಪದವೀಧರರು ಹೆಚ್ಚಿದರು’ ಎಂದು ಬರೆಯುವ ಹಾಗಿಲ್ಲ.

ಡೌನ್‌ಲೋಡ್ ಮಾಡುವಾಗ ಬರೀ ಸಿಎಸ್‌ವಿ ಒತ್ತಬೇಡಿ. ಸಂಖ್ಯೆಗಳ ಜೊತೆ ಅಲ್ಪವಿರಾಮ, ± ಚಿಹ್ನೆ ಅಂಟಿಕೊಂಡು ಬಂದು ಎಕ್ಸೆಲ್ ಅವನ್ನು ಪಠ್ಯವೆಂದು ತಿಳಿಯುತ್ತದೆ. ಜಿಪ್ ಆಯ್ಕೆಯಲ್ಲಿ ಬರುವ ಫೈಲು ಶುದ್ಧ, ಎರಡನೇ ಸಾಲಿನ ವಿವರಣೆಯನ್ನು ಅಳಿಸಿದರೆ ಸಾಕು. ಎಪಿಐ ಮೂಲಕ, ಅಂದರೆ ಪ್ರೋಗ್ರಾಂ ಬರೆದು ನೇರವಾಗಿ ತೆಗೆಯುವವರಿಗೆ ಒಂದು ಕೋರಿಕೆಗೆ 50 ಚರಗಳ ಮಿತಿ. ಅಲ್ಲಿ -666666666 ಕಂಡರೆ ಅದು ಜನಸಂಖ್ಯೆಯಲ್ಲ, ಮಾದರಿ ಸಾಲದೆ ಅಂದಾಜು ಆಗಲಿಲ್ಲ ಎಂಬ ಗುರುತು. ಇದನ್ನು ಸೋಸದೆ ಕೂಡಿದರೆ ಮೊತ್ತ ಋಣಾತ್ಮಕವಾಗಿ ನಿಲ್ಲುತ್ತದೆ.

ಶಾಲಾ ದಾಖಲಾತಿಯ ಎಸ್1401 ಕೋಷ್ಟಕ ಮಕ್ಕಳ ಮನೆ ಎಲ್ಲಿದೆ ಎಂದು ಹೇಳುತ್ತದೆಯೇ ಹೊರತು ಶಾಲೆ ಎಲ್ಲಿದೆ ಎಂದಲ್ಲ. ಯಾವ ಶಾಲಾ ಜಿಲ್ಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂಬುದಕ್ಕೆ ರಾಷ್ಟ್ರೀಯ ಶಿಕ್ಷಣ ಅಂಕಿಅಂಶ ಕೇಂದ್ರದ ಕಾಮನ್ ಕೋರ್ ಆಫ್ ಡೇಟಾ ನೋಡಬೇಕು. ದಶಕಗಳ ಹಿಂದಿನ ಅಂಕಿಗಳಿಗೆ ಈ ತಾಣ ನೆಚ್ಚಿಕೊಳ್ಳುವುದಕ್ಕಿಂತ ಮಿನ್ನೆಸೋಟ ವಿಶ್ವವಿದ್ಯಾಲಯದ ಹಳೆಯ ಜನಗಣತಿ ಅಂಕಿಗಳ ತಾಣ ಐಪಮ್ಸ್ ಎನ್‌ಎಚ್‌ಜಿಐಎಸ್ ವಾಸಿ. ಅದೂ ಉಚಿತ, ನೋಂದಣಿ ಮಾತ್ರ ಬೇಕು.