ಮನೆ ಪಾಠದ ರೆಕಾರ್ಡ್: ಶೀಟಾ, ವಾಟ್ಸಾಪಾ, ಆಪಾ, ನೋಟ್‌ಬುಕ್ಕಾ, ಬಾಕ್ಸ್ ಫೈಲಾ?

ನಮ್ಮನೇಲಿ ಇಬ್ಬರು ಮಕ್ಕಳು, ದೊಡ್ಡವಳಿಗೆ 11, ಚಿಕ್ಕವನಿಗೆ 7, ಇಬ್ರೂ ಸ್ಕೂಲಿಗೆ ಹೋಗಲ್ಲ, ಮನೇಲೇ ಕಲೀತಾರೆ, ಇದು ಮೂರನೇ ವರ್ಷ. ಹೆಂಡತಿ ಬೆಳಿಗ್ಗೆ ಎಂಟಕ್ಕೆ ಮೆಟ್ರೋ ಹತ್ತಿಬಿಡ್ತಾಳೆ, ನಾನು ಮನೆಯಿಂದ ಕೆಲಸ ಮಾಡೋನು, ಹಾಗಾಗಿ ಇವತ್ತು ಏನ್ ಕಲಿತ್ರು ಅಂತ ಬರೆದಿಡೋ ಡ್ಯೂಟಿ ನಂದೇ. ಈ ಮೂರು ವರ್ಷದಲ್ಲಿ ಐದು ಥರ ಟ್ರೈ ಮಾಡಿದೀನಿ, ಕೆಲವು ಒಂದಾದ ಮೇಲೆ ಒಂದು, ಕೆಲವು ಒಟ್ಟೊಟ್ಟಿಗೆ. ಬನಶಂಕರಿ, ಜೆಪಿ ನಗರ ಕಡೆ ನಮ್ಮ ಥರದ ಮನೆಗಳು ಒಂದಷ್ಟಿವೆ, ಪಾರ್ಕಲ್ಲಿ ಸಿಕ್ಕಾಗಲೆಲ್ಲ ಇದೇ ಪ್ರಶ್ನೆ, ನೀವು ರೆಕಾರ್ಡ್ ಹೇಗೆ ಇಡ್ತೀರಾ ಅಂತ, ಪ್ರತಿ ಸಲ ಅರ್ಧ ಹೇಳಿ ಮಕ್ಕಳು ಜಾರುಬಂಡೆ ಹತ್ರ ಜಗಳ ಶುರು ಮಾಡ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತೆ. ಅದಕ್ಕೆ ಇಲ್ಲಿ ಪೂರ್ತಿ ಬರೀತಿದೀನಿ.

ಮೊದಲೇ ಹೇಳ್ಬಿಡ್ತೀನಿ, ಇಲ್ಲಿ ತನಕ ಯಾರೂ ನಮ್ಮ ಹತ್ರ ಬಂದು ಲಾಗ್ ತೋರ್ಸಿ ಅಂದಿಲ್ಲ. ಕೇಳೋದು ನಮ್ಮತ್ತೆ ಒಬ್ರೇ, ಅವರಿಗೆ ಲಾಗ್ ಬೇಡ, ಮಗ್ಗಿ ಹೇಳಿಸಿದ್ರೆ ಸಾಕು. ನನಗೆ ಈ ರೆಕಾರ್ಡ್ ಹುಚ್ಚು ಹತ್ತಿದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರೋ ಕಸಿನ್‌ನಿಂದ. ಅವಳೂ ಮನೇಲೇ ಕಲಿಸ್ತಾಳೆ, ಅಲ್ಲಿ ಅದಕ್ಕೆ ಕಾನೂನೇ ಇದೆ. ವರ್ಷಕ್ಕೆ 180 ದಿನ, ಇಲ್ಲಾಂದ್ರೆ ಚಿಕ್ಕ ಕ್ಲಾಸಿಗೆ 900 ಗಂಟೆ, ದೊಡ್ಡ ಕ್ಲಾಸಿಗೆ 990 ಗಂಟೆ ಪಾಠ ಆಗ್ಬೇಕು, ಆವಾಗಾವಾಗಲೇ ಬರೆದ ಲಾಗ್ ಇರ್ಬೇಕು, ಅದರಲ್ಲಿ ಓದಿದ ಪುಸ್ತಕಗಳ ಹೆಸರು, ಜೊತೆಗೆ ಮಗು ಬರೆದಿದ್ದರ ಸ್ಯಾಂಪಲ್, ವರ್ಷದ ಕೊನೇಲಿ ಒಬ್ಬ ಎವಾಲ್ಯುಯೇಟರ್ ಆ ಫೈಲ್ ನೋಡಿ ಮಗು ಜೊತೆ ಕೂತು ಮಾತಾಡ್ತಾರೆ. ಇದನ್ನ ಕೇಳಿದ್ದೇ ತಡ, ನಾನೂ ಬಸವನಗುಡೀಲಿ ಕೂತ್ಕೊಂಡು ಪೆನ್ಸಿಲ್ವೇನಿಯಾ ಕಾನೂನು ಪಾಲಿಸೋಕೆ ಶುರು ಮಾಡ್ದೆ, ಯಾರೂ ಕೇಳದೇ ಇದ್ರೂ!

ಹಾಗೆ ಹುಟ್ಟಿದ್ದು ಗೂಗಲ್ ಶೀಟ್. ದಿನಾಂಕ, ಸಬ್ಜೆಕ್ಟ್, ಟಾಪಿಕ್, ಎಷ್ಟು ನಿಮಿಷ, ಯಾವ ಪುಸ್ತಕ, ರಿಮಾರ್ಕ್ಸ್. ಸಬ್ಜೆಕ್ಟಿಗೆ ಬಣ್ಣ, ತಿಂಗಳ ಕೊನೆಗೆ ತಾನೇ ಕೂಡಿಸೋ ಫಾರ್ಮುಲಾ, ಪೈ ಚಾರ್ಟ್ ಬೇರೆ. ಮೊದಲ ತಿಂಗಳು ಸಿಕ್ಕಾಪಟ್ಟೆ ಖುಷಿ. ಆಮೇಲೆ ಲೆಕ್ಕ ಹಾಕ್ದೆ, 900 ಗಂಟೆನ 180 ದಿನಕ್ಕೆ ಹಂಚಿದ್ರೆ ದಿನಕ್ಕೆ 5 ಗಂಟೆ, ನಮ್ಮನೇಲಿ ಕೂತು ಮಾಡೋ ಪಾಠ ಎಳೆದಾಡಿದ್ರೂ ಎರಡೂವರೆ ಗಂಟೆ ದಾಟ್ತಿರ್ಲಿಲ್ಲ. ಏನ್ ಮಾಡ್ದೆ ಅಂದ್ರೆ, ನಾಚಿಕೆ ಬಿಟ್ಟು ಹೇಳ್ತೀನಿ, ಅವರೆಕಾಯಿ ಬಿಡಿಸಿದ್ದನ್ನ ಲೈಫ್ ಸ್ಕಿಲ್ಸ್ 40 ನಿಮಿಷ ಅಂತ, ತರಕಾರಿಗೆ ಗಾಂಧಿ ಬಜಾರಿಗೆ ನಡೆದಿದ್ದನ್ನ ಫಿಸಿಕಲ್ ಎಜುಕೇಶನ್ ಅಂತ ತುಂಬಿಸೋಕೆ ಶುರು ಮಾಡ್ದೆ. ನನ್ನ ಶೀಟಿಗೆ ನಾನೇ ಸುಳ್ಳು ಹೇಳೋದು! ಯಾರಿಗೋಸ್ಕರ?

ಶೀಟಿನ ಮೇಲೆ ಪೂರ್ತಿ ನಂಬಿಕೆ ಹೋಗಿದ್ದು ಕಡಲೆಕಾಯಿ ಪರಿಷೆ ದಿನ. ಕಾರ್ತಿಕದ ಕೊನೇ ಸೋಮವಾರ, ದೊಡ್ಡ ಬಸವಣ್ಣನ ಗುಡಿ ರಸ್ತೆ ತುಂಬ ಕಡಲೆಕಾಯಿ ರಾಶಿ, ಮಕ್ಕಳಿಬ್ಬರೂ ಬೆಳಿಗ್ಗೆಯಿಂದ ಸಂಜೆ ತನಕ ಅಲ್ಲೇ. ಹಸಿ ಕಾಯಿಗೂ ಹುರಿದಿದ್ದಕ್ಕೂ ಸೇರಿಗೆ ಎಷ್ಟು ವ್ಯತ್ಯಾಸ ಅಂತ ದೊಡ್ಡವಳು ಏಳೆಂಟು ಅಂಗಡೀಲಿ ರೇಟ್ ಕೇಳಿ ಅಂಗೈ ಮೇಲೆ ಬರ್ಕೊಂಡ್ಲು, ಚಿಕ್ಕವನು ಒಬ್ಬ ಅಜ್ಜಿ ಪಕ್ಕ ಕೂತು, ಬಸವ ಬಂದು ಬೆಳೆ ತಿಂದ ಕತೆ ಕೇಳಿಸ್ಕೊಂಡು ಬಂದ. ರಾತ್ರಿ ಶೀಟ್ ತೆಗೆದೆ, ಸಬ್ಜೆಕ್ಟ್ ಕಾಲಮ್ ಕೇಳ್ತಿದೆ, ಇದು ಗಣಿತನಾ, ಸಮಾಜನಾ, ಕನ್ನಡನಾ? ಏನೂ ಹೊಳೀಲಿಲ್ಲ, ಅವತ್ತಿನ ರೋ ಖಾಲಿ. ಅಂದ್ರೆ ಆ ವರ್ಷದಲ್ಲೇ ಅತಿ ಹೆಚ್ಚು ಕಲಿತ ದಿನ ನನ್ನ ರೆಕಾರ್ಡಲ್ಲಿ ರಜೆ!

ಶೀಟಿನಿಂದ ಉಪಯೋಗನೇ ಇಲ್ಲ ಅಂತಲ್ಲ. ಓದಿದ ಪುಸ್ತಕಗಳ ಪಟ್ಟಿ ಇಡೋಕೆ ಅದಕ್ಕಿಂತ ಸುಲಭದ್ದು ನಂಗೆ ಸಿಕ್ಕಿಲ್ಲ, ಆ ಒಂದು ಟ್ಯಾಬ್ ಈಗ್ಲೂ ಜೀವಂತ ಇದೆ. ಮಿಕ್ಕಿದ್ದು ಬೇಡ.

ಶೀಟ್ ಬಿಟ್ಟ ಮೇಲೆ ಸೋಮಾರಿತನದ ಕಡೆ ವಾಲಿದೆ, ಅಂದ್ರೆ ವಾಟ್ಸಾಪ್. ನಾನು, ಹೆಂಡತಿ ಇಬ್ರೇ ಇರೋ ಒಂದು ಗ್ರೂಪ್, ಏನ್ ಮಾಡಿದ್ರೂ ಫೋಟೋ ತೆಗೆದು ಎಸೆಯೋದು. ಇದರಷ್ಟು ಸಲೀಸು ಯಾವುದೂ ಇಲ್ಲ, ದಿನಾಂಕ ತಾನಾಗೇ ಬೀಳುತ್ತೆ, ಆಫೀಸಲ್ಲಿ ಕೂತ ಅಮ್ಮನಿಗೂ ಮಧ್ಯಾಹ್ನನೇ ಗೊತ್ತಾಗುತ್ತೆ, ಅವಳು ಸಂಜೆ ಬಂದು ಮಕ್ಕಳ ಹತ್ರ ಅದರ ಬಗ್ಗೆನೇ ಮಾತು ತೆಗೀತಾಳೆ, ಅದೊಂದು ದೊಡ್ಡ ಪ್ಲಸ್ ಪಾಯಿಂಟ್. ತೊಂದರೆ ಇರೋದು ವಾಪಸ್ ಹುಡುಕುವಾಗ. ಮಾಮೂಲಿಯಾಗಿ ಕಳಿಸಿದ ಫೋಟೋ ಕಂಪ್ರೆಸ್ ಆಗುತ್ತೆ, ಪೆನ್ಸಿಲ್ಲಲ್ಲಿ ತೆಳ್ಳಗೆ ಬರೆದಿದ್ದು ಓದೋಕಾಗಲ್ಲ, ಡಾಕ್ಯುಮೆಂಟ್ ಥರ ಕಳಿಸಿದ್ರೆ ಸರಿ ಬರುತ್ತೆ, ಆದ್ರೆ ಅಷ್ಟು ತಾಳ್ಮೆ ಯಾರಿಗಿದೆ. ಇನ್ನು ಒರಿಜಿನಲ್ ಗೂಗಲ್ ಫೋಟೋಸಲ್ಲಿ ಇರ್ಲಿ ಅಂದ್ರೆ, 2021ರ ಜೂನ್ 1ರಿಂದ ಹಾಕಿದ್ದೆಲ್ಲ ಫ್ರೀ ಸಿಗೋ 15 ಜಿಬಿ ಲೆಕ್ಕಕ್ಕೇ ಸೇರುತ್ತೆ, ಜಿಮೇಲೂ ಅದರಲ್ಲೇ. ಇಬ್ಬರು ಮಕ್ಕಳ ವಿಡಿಯೋ ತುಂಬಿದ್ರೆ ಎಷ್ಟು ದಿನ ಬರುತ್ತೆ ಹೇಳಿ.

ಅದಕ್ಕಿಂತ ದೊಡ್ಡ ಕೊರತೆ ಒಂದು ರಂಗೋಲಿಯಿಂದ ಗೊತ್ತಾಯ್ತು. ಗ್ರೂಪಲ್ಲಿ ಫೆಬ್ರವರಿದು ಒಂದು ಫೋಟೋ ಇದೆ, ಬಾಗಿಲ ಮುಂದೆ ಚುಕ್ಕಿ ರಂಗೋಲಿ, ಪಕ್ಕದಲ್ಲಿ ದೊಡ್ಡವಳ ಕಾಲು. ಚೆನ್ನಾಗಿದೆ, ಆದ್ರೆ ಅದನ್ನ ಯಾಕೆ ತೆಗೆದೆ ಅಂತ ಎರಡು ತಿಂಗಳಾದ ಮೇಲೆ ನೋಡಿದ್ರೆ ಸುತರಾಂ ನೆನಪಾಗ್ಲಿಲ್ಲ. ಅದೃಷ್ಟಕ್ಕೆ ಆಗಷ್ಟೇ ನೋಟ್‌ಬುಕ್ ಕೂಡ ಶುರು ಮಾಡಿದ್ದೆ, ಅದೇ ದಿನಾಂಕದಲ್ಲಿ ಹೀಗಿತ್ತು: 15ರಿಂದ 8ರ ತನಕ ಮಧ್ಯ ಚುಕ್ಕಿ, ಒಟ್ಟು 169, ಅವಳೇ ಎಣಿಸಿದ್ಲು, 13 ಇಂಟು 13 ಅಂತ ಅವಳೇ ಕಂಡ್ಕೊಂಡ್ಲು, ‘ಇದು ಚೌಕ ಅಲ್ಲ, ಆರು ಮೂಲೆ ಇದೆ, ಆದ್ರೂ ವರ್ಗ ಸಂಖ್ಯೆ ಹೇಗೆ ಬಂತು?’ ಅಂತ ಕೇಳಿದ್ಲು, ನಂಗೆ ಗೊತ್ತಿರ್ಲಿಲ್ಲ. ಫೋಟೋದಲ್ಲಿ ಇರೋದು ರಂಗೋಲಿ ಮಾತ್ರ, ಕಲಿತಿದ್ದು ಇರೋದು ಈ ಮೂರು ಸಾಲಲ್ಲಿ. (ಆಮೇಲೆ 13–7, 11–6, 9–5 ಎಲ್ಲ ಹಾಕಿ ನೋಡಿದ್ವಿ, 127, 91, 61, ಯಾವುದೂ ವರ್ಗ ಅಲ್ಲ. 15–8 ಮಾತ್ರ ಹಾಗೆ ಕೂತಿತ್ತು. ಅವತ್ತಿಡೀ ಮನೆ ಮುಂದೆ ರಂಗೋಲಿ ಪುಡಿ.)

ಮಧ್ಯದಲ್ಲಿ ಒಂದು ಪೋರ್ಟ್‌ಫೋಲಿಯೊ ಆಪ್, ಅಂದ್ರೆ ಮಕ್ಕಳು ಮಾಡಿದ್ದನ್ನೆಲ್ಲ ಫೋಟೋ ತೆಗೆದು ಸೇರಿಸಿಡೋ ಆಪ್ ಕೂಡ ಹಾಕ್ಕೊಂಡಿದ್ದೆ, ಹೆಸರು ಬೇಡ. ನೋಡೋಕೆ ಚಂದ, ಮಗುವಿಗೊಂದು ಪೇಜ್, ಟ್ಯಾಗು, ಸ್ಟಿಕ್ಕರು, ಅಜ್ಜಿ ತಾತಂಗೆ ಲಿಂಕ್ ಕಳಿಸಬಹುದು. ಆರು ವಾರ ಓಡ್ತು. ಅನ್‌ಇನ್‌ಸ್ಟಾಲ್ ಮಾಡಿದ್ದು ಆಪ್ ಸರಿ ಇಲ್ಲ ಅಂತ ಅಲ್ಲ, ಚಿಕ್ಕವನ ಒಂದು ಮಾತಿಗೆ. ಲಾಲ್‌ಬಾಗ್ ಬಂಡೆ ಮೇಲೆ ಇರುವೆ ಸಾಲು ನೋಡ್ತಾ ಅರ್ಧ ಗಂಟೆ ಕೂತಿದ್ದ, ಎದ್ದವನು ಕೇಳ್ದ, ‘ಅಪ್ಪ, ನೀನು ಫೋಟೋ ತೆಗೀಲಿಲ್ವಲ್ಲ, ಹಾಗಾದ್ರೆ ಇದು ಕಲಿಯೋದು ಅಲ್ವಾ?’ ನಂಗೆ ಹೊಟ್ಟೆ ಒಳಗೆ ಏನೋ ಆಯ್ತು. ಯೋಚನೆ ಮಾಡಿದ್ರೆ ಆ ಆರು ವಾರ ಅವನು ಮಣ್ಣಲ್ಲಿ ಏನೇ ಮಾಡಿದ್ರೂ ನಡುವೆ ನಿಲ್ಸಿ ಕ್ಯಾಮೆರಾ ಕಡೆ ತಿರುಗೋದು ಅಭ್ಯಾಸ ಆಗೋಗಿತ್ತು.

ಈಗ ನೋಟ್‌ಬುಕ್. ಅವೆನ್ಯೂ ರೋಡಲ್ಲಿ ತಂದ 200 ಪೇಜಿನ ಲಾಂಗ್ ಬುಕ್ಕು, ಎಡಗಡೆ ಪೇಜ್ ದೊಡ್ಡವಳಿಗೆ, ಬಲಗಡೆ ಚಿಕ್ಕವನಿಗೆ, ದಿನಕ್ಕೆ ಐದು ಸಾಲು ಮೀರಂಗಿಲ್ಲ ಅಂತ ನಂಗೆ ನಾನೇ ಹಾಕ್ಕೊಂಡ ರೂಲು. ಮಲಗೋ ಮುಂಚೆ ಬರೆಯೋದು, ಏಳೆಂಟು ನಿಮಿಷ. ಮೊದಮೊದಲು ‘ಗಣಿತ: ಭಿನ್ನರಾಶಿ, ಅಭ್ಯಾಸ 4’ ಅಂತ ಟೀಚರ್ ಡೈರಿ ಥರ ಬರೀತಿದ್ದೆ, ಓದಿದ್ರೆ ನಂಗೇ ನಿದ್ದೆ. ಆಮೇಲೆ ಮಕ್ಕಳು ಹೇಳಿದ ಮಾತನ್ನ ಹೇಳಿದ ಹಾಗೇ ಒಂದಾದ್ರೂ ಬರೀಬೇಕು ಅಂತ ಮಾಡ್ಕೊಂಡೆ, ಅಲ್ಲಿಂದ ಬುಕ್ಕಿಗೆ ಜೀವ ಬಂತು. ಅದೇ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ಹೇಳಿದಾಗ ಚಿಕ್ಕವನು ‘ಅಷ್ಟು ಹಳೇದಾದ್ರೆ ಯಾಕೆ ಇನ್ನೂ ಸವೆದಿಲ್ಲ?’ ಅಂದಿದ್ದ, ಅದು ಬುಕ್ಕಲ್ಲಿದೆ. ಮೂರು ತಿಂಗಳ ನಂತರ ಮಳೇಲಿ ನಮ್ಮ ರಸ್ತೆ ಮಣ್ಣು ಕೊಚ್ಕೊಂಡು ಹೋಗೋದನ್ನ ನೋಡಿ ‘ಬಂಡೆನೂ ಹೀಗೇ ಹೋಗುತ್ತೆ, ಆದ್ರೆ ನಿಧಾನ’ ಅಂದಿದ್ದೂ ಇದೆ. ಈ ಎರಡು ಸಾಲು ಯಾವ ಡ್ರಾಪ್‌ಡೌನಲ್ಲಿ ಸಿಗುತ್ತೆ? ಮೈನಸ್ ಅಂದ್ರೆ ಸರ್ಚ್ ಇಲ್ಲ, ಜ್ವರ ಬಂದ ವಾರ ಖಾಲಿ, ನನ್ನ ಅಕ್ಷರ ಹೆಂಡತಿಗೆ ಓದೋಕಾಗಲ್ಲ, ಮತ್ತೆ ಇರೋದು ಒಂದೇ ಕಾಪಿ, ಒಂದು ಸಲ ಸಾರು ಚೆಲ್ಲಿ ಜೂನ್ ತಿಂಗಳ ಅರ್ಧ ಹಳದಿ ಆಗಿದೆ.

ಕೊನೇದು ಬಾಕ್ಸ್ ಫೈಲ್, ಮಗುವಿಗೆ ಒಂದೊಂದು. ಇದನ್ನ ನಾನು ಸೀರಿಯಸ್ಸಾಗಿ ತಗೊಂಡೇ ಇರ್ಲಿಲ್ಲ, ಮಕ್ಕಳು ಬರೆದ ಹಾಳೆ ಎಸೆಯೋಕೆ ಮನಸ್ಸು ಬರ್ದೆ ತುರುಕ್ತಿದ್ದೆ ಅಷ್ಟೇ, ಆದ್ರೆ ಪರೀಕ್ಷೆ ದಿನ ಕೈ ಹಿಡಿದಿದ್ದು ಅದೇ. ಹೋದ ಬೇಸಿಗೇಲಿ ದೊಡ್ಡವಳಿಗೆ ಸ್ಕೂಲ್ ಹೇಗಿರುತ್ತೆ ನೋಡ್ಬೇಕು ಅನ್ನಿಸ್ತು, ನಮ್ಮ ಏರಿಯಾದ ಒಂದು ಶಾಲೆಗೆ ಹೋದ್ವಿ. ಹೆಡ್‌ಮಿಸ್ ‘ಇಷ್ಟು ವರ್ಷ ಏನ್ ಮಾಡಿದಾಳೆ ತೋರ್ಸಿ’ ಅಂದ್ರು. ನಾನು ಹೆಮ್ಮೆಯಿಂದ ಹಳೇ ಶೀಟಿನ ಪ್ರಿಂಟ್‌ಔಟ್ ಕೊಟ್ಟೆ, 14 ಪುಟ, ಪೈ ಚಾರ್ಟ್ ಸಮೇತ. ಒಂದು ಪುಟ ತಿರುಗಿಸಿ ಪಕ್ಕಕ್ಕಿಟ್ರು. ಆಮೇಲೆ ಬಾಕ್ಸ್ ಫೈಲ್ ತೆಗೆದು ಸುಮ್ನೆ ಹಾಳೆ ಸರಿಸ್ತಾ ಹೋದೋರು ಒಂದು ಕಡೆ ನಿಂತ್ರು. ಹಿಂದಿನ ಜೂನ್ ಹಾಳೇಲಿ ಇವಳು 1/2 + 1/3 = 2/5 ಅಂತ ಬರೆದಿದ್ಲು, ನಾನು ಅದಕ್ಕೆ ಕೆಂಪು ಗೆರೆ ಹಾಕಿರ್ಲಿಲ್ಲ, ದಿನಾಂಕ ಮಾತ್ರ ಬರೆದಿದ್ದೆ. ‘ಇದು ಸರೀನಾ?’ ಅಂತ ಕೇಳಿದ್ರು. ಇವಳು ನಕ್ಕು, ‘ಅರ್ಧ ದೋಸೆನೇ 2/5ಕ್ಕಿಂತ ದೊಡ್ಡದು ಮಿಸ್, ಅದಕ್ಕೆ ಇನ್ನೂ ಸೇರಿಸಿದ್ರೆ ಚಿಕ್ಕದು ಹೇಗಾಗುತ್ತೆ, ಆವಾಗ ನಂಗೆ ಗೊತ್ತಿರ್ಲಿಲ್ಲ’ ಅಂದು ಅಲ್ಲೇ ಆರು ಭಾಗದ ದೋಸೆ ಬರೆದು 5/6 ತೋರಿಸಿದ್ಲು. ಅಲ್ಲಿಗೆ ಇಂಟರ್‌ವ್ಯೂ ಮುಗೀತು. ಸೀಟೂ ಸಿಕ್ತು, ಅವಳು ಹೋಗ್ಲಿಲ್ಲ, ಅದು ಬೇರೆ ಕತೆ.

ಅವತ್ತಿಂದ ಬಾಕ್ಸ್ ಫೈಲಿಗೆ ನೀಟಾದ ಹಾಳೆಗಿಂತ ತಪ್ಪಾದ ಹಾಳೆ ಮೊದಲು ಹೋಗುತ್ತೆ, ಅದೇ ವಿಷಯ ಸರಿ ಬಂದ ಮೇಲೆ ಅದರ ಹಾಳೆ ಹಿಂದೇನೇ. ಒಂದು ಅನುಭವದ ಮಾತು, ಅಂಗಡಿ ಬಿಲ್ ಮೇಲೆ ಲೆಕ್ಕ ಮಾಡ್ಸಿ ಹಾಗೇ ಇಡಬೇಡಿ, ಅದು ಥರ್ಮಲ್ ಪೇಪರ್, ಶಾಖಕ್ಕೂ ಬೆಳಕಿಗೂ ಪ್ರಿಂಟ್ ಮಾಸಿಹೋಗುತ್ತೆ, ನಮ್ಮ ಹತ್ರ ಈಗ ಒಂದು ಬಿಳೀ ಚೀಟಿ ಮೇಲೆ ಪೆನ್ಸಿಲ್ಲಿನ ಉತ್ತರ ಮಾತ್ರ ಉಳಿದಿದೆ, ಪ್ರಶ್ನೆ ಮಾಯ. ಜೆರಾಕ್ಸ್ ಮಾಡಿಸಿಡಿ.

ಎನ್‌ಐಓಎಸ್, ಅಂದ್ರೆ ಸ್ಕೂಲಿಗೆ ಹೋಗದೇನೇ ಪರೀಕ್ಷೆ ಬರೆಯೋಕಾಗೋ ರಾಷ್ಟ್ರೀಯ ಮುಕ್ತ ಶಾಲಾ ಬೋರ್ಡ್, ಅದರ ಕಡೆ ಹೋಗೋರಿಗೆ ಒಂದು ಮಾತು. ಅಲ್ಲಿ ಚಿಕ್ಕ ಕ್ಲಾಸುಗಳ ಕೋರ್ಸಿಗೆ ಓಬಿಇ (ಓಪನ್ ಬೇಸಿಕ್ ಎಜುಕೇಶನ್) ಅಂತಾರೆ, ಅದರ ಎ, ಬಿ, ಸಿ ಲೆವೆಲ್ ಅಂದ್ರೆ 3, 5, 8ನೇ ಕ್ಲಾಸಿಗೆ ಸಮ, ಹತ್ತನೇದಕ್ಕೆ 14 ವರ್ಷ ತುಂಬಿರ್ಬೇಕು, ಅದರಲ್ಲಿ ಟಿಎಂಎ, ಅಂದ್ರೆ ಮನೇಲಿ ಬರೆದು ಕೊಟ್ಟು ಟ್ಯೂಟರ್ ಮಾರ್ಕ್ಸ್ ಹಾಕೋ ಅಸೈನ್‌ಮೆಂಟಿಗೆ 20 ಪರ್ಸೆಂಟ್ ಮಾರ್ಕ್ಸ್. ನಿಮ್ಮ ಬಾಕ್ಸ್ ಫೈಲಿಗೂ ಅದಕ್ಕೂ ನೇರ ಸಂಬಂಧ ಇಲ್ಲ. ಹಾಗಂತ ಫೈಲ್ ವೇಸ್ಟ್ ಅಲ್ಲ, ಮಗು ಈಗ ಯಾವ ಲೆವೆಲ್ಲಿಗೆ ರೆಡಿ ಅಂತ ನಿರ್ಧಾರ ಮಾಡೋಕೆ ನನಗಂತೂ ಅದೇ ಆಧಾರ.

ಬರೆಯೋ ಮುಂಚೆ ಮೊನ್ನೆ ಒಂದು ಪರೀಕ್ಷೆ ಮಾಡ್ದೆ: ದೊಡ್ಡವಳಿಗೆ ಭಾಗಾಕಾರ ಯಾವಾಗ ಅರ್ಥ ಆಯ್ತು, ಹುಡುಕು ಅಂತ. ಶೀಟಲ್ಲಿ ಹತ್ತು ಸೆಕೆಂಡ್, ಸಿಕ್ಕಿದ್ದು ‘ಭಾಗಾಕಾರ, 35 ನಿಮಿಷ’ ಅಂತ ಹನ್ನೊಂದು ಸಲ, ಅರ್ಥ ಆಗಿದ್ದು ಯಾವ ಸಲ ಅಂತ ಇಲ್ಲ. ವಾಟ್ಸಾಪಲ್ಲಿ ಇಪ್ಪತ್ತು ನಿಮಿಷ ಮೇಲಕ್ಕೆ ಎಳೆದು ಕೈ ಬಿಟ್ಟೆ, ನಡುವೆ ಚಿಕ್ಕವನ ಹಲ್ಲು ಬಿದ್ದ ಫೋಟೋ ಸಿಕ್ಕಿ ದಾರಿ ತಪ್ಪಿದೆ. ನೋಟ್‌ಬುಕ್ಕಲ್ಲಿ ಕಾಲು ಗಂಟೆ, ‘ಓ, ಇದು ಹಂಚೋದು ಅಷ್ಟೇನಾ’ ಅನ್ನೋ ಸಾಲು ಸಿಕ್ತು. ಆ ದಿನಾಂಕ ಹಿಡ್ಕೊಂಡು ಬಾಕ್ಸ್ ಫೈಲ್ ತೆಗೆದ್ರೆ ಒಂದೇ ನಿಮಿಷ, ಹಿಂದಿನ ವಾರದ ಅಳು ಬಿದ್ದ ಹಾಳೆನೂ ಪಕ್ಕದಲ್ಲೇ.

ಸೋ ಈಗ ನಮ್ಮನೇಲಿ ನೋಟ್‌ಬುಕ್ ಮತ್ತೆ ಬಾಕ್ಸ್ ಫೈಲ್, ಎರಡಕ್ಕೂ ದಿನಾಂಕನೇ ಕೊಂಡಿ. ವಾಟ್ಸಾಪ್ ಅಮ್ಮನಿಗೋಸ್ಕರ, ಭಾನುವಾರ ಅದರಿಂದ ಎರಡು ಮೂರು ಫೋಟೋ ಮಾತ್ರ ಪ್ರಿಂಟ್, ತಿಂಗಳಿಗೊಂದು ಸಲ ನೋಟ್‌ಬುಕ್ ಪುಟಗಳ ಸ್ಕ್ಯಾನ್, ಸಾರಿನ ಭಯಕ್ಕೆ. ಚಿಕ್ಕವನಿಗೆ ಬರೆಯೋದಂದ್ರೆ ಆಗಲ್ಲ, ಮಾತಾಡೋಕೆ ಬಿಟ್ರೆ ನಿಲ್ಸಲ್ಲ, ಅವನಿಗೆ ಫೋನಿನ ಕನ್ನಡ ವಾಯ್ಸ್ ಟೈಪಿಂಗ್ ಟ್ರೈ ಮಾಡ್ತಿದೀವಿ, ಎರಡು ವಾರ ಆಯ್ತು, ಇನ್ನೂ ಹೇಳೋಕಾಗಲ್ಲ. ಮಣ್ಣಲ್ಲಿ, ರಟ್ಟಲ್ಲಿ ಮಾಡಿದ್ದನ್ನ ಎಲ್ಲಿಡೋದು ಅನ್ನೋದು ಬಗೆಹರಿದಿಲ್ಲ. ಬೀರು ಮೇಲೆ ದಸರಾ ಗೊಂಬೆ ಪೆಟ್ಟಿಗೆ ಪಕ್ಕ ಸ್ವಲ್ಪ ಜಾಗ ಇದೆ, ಅತ್ತೆ ಒಪ್ತಾ ಇಲ್ಲ.